ಒಂದೇ ಗೊಂಚಲಿನ ಎರಡು ಹಸಿವು

ನಮ್ಮ ಪ್ರಯೋಗಾಲಯದ ಮುಖ್ಯಸ್ಥರನ್ನು ನಾವೆಲ್ಲ ‘ದೊಡ್ಡವರು’ ಎನ್ನುತ್ತೇವೆ. ಆ ಬೆಳಗ್ಗೆ ಅವರು ನನ್ನ ವರದಿಯ ಅರ್ಧ ಭಾಗದ ಮೇಲೆ ಪೆನ್ಸಿಲಿನ ಗೆರೆ ಎಳೆದು, ಸಂಜೆಯೊಳಗೆ ಪುರಾವೆ ತಂದರೆ ಉಳಿಯುತ್ತದೆ, ಇಲ್ಲವಾದರೆ ಹೋಗುತ್ತದೆ ಎಂದರು. ಬೈದಿದ್ದರೆ ವಾಸಿಯಿತ್ತು, ಮೆತ್ತಗೆ ಹೇಳಿದರು.

ನಾನು ಬರೆದದ್ದು ಇಷ್ಟೇ. ಕಡಲ ಮೇಲೆ ಮರದ ಹೊಟ್ಟಿನಂತೆ ತೇಲುವ ಸೂಕ್ಷ್ಮಜೀವಿಗಳ ಗೊಂಚಲುಗಳಿವೆ. ಗಾಳಿಯ ಸಾರಜನಕವನ್ನು ಹಿಡಿದು ಕಡಲಿಗೆ ಗೊಬ್ಬರ ಮಾಡಿಕೊಡುವವು ಅವೇ. ಕಬ್ಬಿಣ ಸಾಲದಾಗ ಅವುಗಳಲ್ಲಿ ಒಂದು ವಂಶವಾಹಿ ಚುರುಕಾಗುತ್ತದೆ, ರಂಜಕ ಸಾಲದಾಗ ಇನ್ನೊಂದು. ವೈದ್ಯರು ಕಣ್ಣಿನ ರೆಪ್ಪೆ ಎಳೆದು ನೋಡಿ ರಕ್ತ ಕಡಿಮೆ ಎನ್ನುವ ಹಾಗೆ, ನಾವು ಈ ಗುರುತುಗಳನ್ನು ನೋಡಿ ಕಡಲಿಗೆ ಏನು ಕಡಿಮೆ ಎಂದು ಹೇಳುತ್ತೇವೆ. ನನ್ನ ಮಾದರಿಗಳಲ್ಲಿ ಎರಡೂ ಒಟ್ಟಿಗೆ ಚುರುಕಾಗಿದ್ದವು; ಒಂದೇ ಗೊಂಚಲಿಗೆ ಎರಡರ ಹಸಿವೂ ಇದೆ ಎಂದು ಬರೆದಿದ್ದೆ.

ದೊಡ್ಡವರ ತಕರಾರಿನಲ್ಲಿ ಹುರುಳಿತ್ತು. ಒಂದು ಬಾಟಲಿಯ ನೀರಿನಲ್ಲಿ ನೂರಾರು ಗೊಂಚಲು. ಕೆಲವಕ್ಕೆ ಕಬ್ಬಿಣದ ಹಸಿವು, ಬೇರೆ ಕೆಲವಕ್ಕೆ ರಂಜಕದ್ದು ಇದ್ದಿರಬಹುದು. “ಎರಡು ಮನೆ ಜಗಳ ಒಂದೇ ಗೋಡೆಯಿಂದ ಕೇಳಿಸಿದ್ರೆ, ಒಂದೇ ಮನೇದು ಅಂದ್ಕೋಬಾರದಮ್ಮ” ಎಂದರು.

ಒಂದೇ ಒಂದು ಗೊಂಚಲನ್ನು ಬೇರೆಯಾಗಿ ಎತ್ತಿಟ್ಟ ಕೊಳವೆಯೊಂದು ಫ್ರೀಜರಿನಲ್ಲಿ ಉಳಿದಿತ್ತು. ಹಡಗಿನಲ್ಲಿ ಅದನ್ನು ಎತ್ತಿ, ಆ ಕ್ಷಣವೇ ಹೆಪ್ಪುಗಟ್ಟಿಸಿದವಳು ನನ್ನ ನಾದಿನಿ. ಇಬ್ಬರಿಗೂ ಒಂದೇ ಮನೆ, ಒಂದೇ ಪ್ರಯೋಗಾಲಯ. ಅವಳಿಗೆ ಭಯವೆಂದರೇನೆಂದು ಗೊತ್ತಿಲ್ಲ. ನಾನೋ ಗ್ಯಾಸ್ ಆರಿಸಿದೆನೇ ಎಂದು ಬಸ್ ನಿಲ್ದಾಣದಿಂದ ಮನೆಗೆ ತಿರುಗುವವಳು. ನಮ್ಮ ಅತ್ತಿಗೆ ಬೀಗಕ್ಕೂ ಬೀಗ ಹಾಕ್ತಾರೆ ಎಂದು ಅವಳು ಕಂಡವರಿಗೆಲ್ಲ ಹೇಳುತ್ತಾಳೆ.

ಅಂದು ಅವಳು ಫ್ರೀಜರಿನ ಬಾಗಿಲಿಗೆ ಕೈ ಅಡ್ಡ ಇಟ್ಟು ನಿಂತಳು.

“ಅತ್ತಿಗೆ, ಅದನ್ನ ಎತ್ತಿದ್ದು ಉಕ್ಕಿನ ಚಿಮಟದಲ್ಲಿ.”

ಪ್ಲಾಸ್ಟಿಕ್ ಚಿಮಟ ಅಲೆಯ ಹೊಡೆತಕ್ಕೆ ಸಮುದ್ರದ ಪಾಲಾಗಿತ್ತಂತೆ. ಹಡಗಿನ ಔಷಧಿ ಪೆಟ್ಟಿಗೆಯಲ್ಲಿದ್ದದ್ದನ್ನು ತೊಳೆದು ಬಳಸಿದಳಂತೆ. ಕಬ್ಬಿಣದ ಕೆಲಸಕ್ಕೆ ಕೂರುವ ದಿನ ಉಂಗುರ, ಕೊನೆಗೆ ಹೇರ್‌ಪಿನ್ನನ್ನೂ ಬಿಚ್ಚಿಸುವವಳು ನಾನು. ಉಕ್ಕೆಂದರೂ ಕಬ್ಬಿಣವೇ ತಾನೇ.

“ದೊಡ್ಡವರಿಗೆ ಹೇಳ್ಬೇಡಿ. ಮುಂದಿನ ಸಲ ಹಡಗು ಹತ್ತಿಸಲ್ಲ ನನ್ನ.”

ಹೆದರಿದಾಗಲೇ ನನ್ನ ತಲೆ ಚೆನ್ನಾಗಿ ಓಡುತ್ತದೆ. “ಚಿಮಟದಿಂದ ಕಬ್ಬಿಣ ಸೇರಿದ್ರೆ ಹಸಿವು ಇಳೀಬೇಕು ತಾನೇ? ಏರೋದು ಹೇಗೆ?” ಎಂದೆ.

“ಗುರುತು ಕಾಣದೇ ಹೋದ್ರೆ?”

“ಆಗ ತಪ್ಪು ಚಿಮಟದ್ದೋ ಕಡಲಿನದೋ ಹೇಳಕ್ಕಾಗಲ್ಲ. ಅರ್ಧ ವರದಿ ಹೋಗತ್ತೆ. ಕೈ ತೆಗಿ.”

ತೆಗೆದಳು.

ಆ ಗೊಂಚಲಿನ ಜೊತೆಗೆ, ನಮ್ಮದೇ ತೊಟ್ಟಿಯಲ್ಲಿ ಎಲ್ಲ ಕೊಟ್ಟು ಬೆಳೆಸಿದ ಹೊಟ್ಟೆ ತುಂಬಿದ ಗೊಂಚಲೊಂದನ್ನೂ ಹೋಲಿಕೆಗೆಂದು ಯಂತ್ರಕ್ಕೆ ಹಾಕಿದೆ. ವಂಶವಾಹಿ ಚುರುಕಾಗಿದ್ದರೆ ಅದರ ಗೆರೆ ಮೇಲೇಳುತ್ತದೆ. ಪರದೆಯ ಮೇಲೆ ರಂಜಕದ ಗೆರೆ ಬೇಗನೆ ಮೇಲೆದ್ದಿತು. ಅದು ನಿರೀಕ್ಷಿತ. ಕಬ್ಬಿಣದ ಗೆರೆ ನೆಲಕಚ್ಚಿ ಮಲಗಿತ್ತು. ನಾದಿನಿ ತೊಳೆದಿಟ್ಟ ಗಾಜುಗಳನ್ನೇ ಮತ್ತೆ ತೊಳೆಯತೊಡಗಿದಳು. ನಾನು ಕೂತೇ ಇದ್ದೆ. ಇದು ಏಳುತ್ತದೆ ಎಂಬ ನಂಬಿಕೆ ನನಗೆ ಎಲ್ಲಿಂದ ಬಂತೋ, ಆದರೆ ಅಲುಗಲಿಲ್ಲ. ಗೆರೆ ಸಣ್ಣಗೆ ಬಾಗಿತು, ಆಮೇಲೆ ನೆಟ್ಟಗೆ ಏರಿತು. ಹೊಟ್ಟೆ ತುಂಬಿದ ಗೊಂಚಲಿನ ಎರಡೂ ಗೆರೆಗಳು ಕೆಳಗೇ ಉಳಿದವು.

ದೊಡ್ಡವರಿಗೆ ಗೆರೆ ತೋರಿಸುವ ಮೊದಲೇ ಚಿಮಟದ ಸಂಗತಿ ಹೇಳಿದೆ. ನಾದಿನಿ ನನ್ನತ್ತ ನೋಡಿದ ನೋಟ ಇನ್ನೂ ನೆನಪಿದೆ. ಅವರು ಹುಬ್ಬು ಗಂಟಿಕ್ಕಿದರು. ಆಮೇಲೆ ಪರದೆ ನೋಡಿದರು, ಬಹಳ ಹೊತ್ತು.

“ಉಕ್ಕು ತಾಗಿದ ಮೇಲೂ ಹೀಗೆ ಕೂಗ್ತಿದೆ ಅಂದ್ರೆ ಹಸಿವು ನಿಜಾನೇ. ಚಿಮಟದ ವಿಷಯಾನೂ ಬರೀರಿ” ಎಂದು ಪೆನ್ಸಿಲಿನ ಗೆರೆಯನ್ನು ತಾವೇ ಅಳಿಸಿದರು. ನಾದಿನಿಗೆ, ಮುಂದಿನ ಹಡಗಿಗೆ ಚಿಮಟವನ್ನು ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡು ಹೋಗು ಎಂದರು.

ನಾನು ಬರೆಯುವಾಗ ಅವಳು ಹೆಗಲ ಮೇಲಿಂದ ಇಣುಕಿದಳು.

“ಅತ್ತಿಗೆ, ‘ಅಜಾಗರೂಕತೆಯಿಂದ’ ಅನ್ನೋ ಪದ ಬೇಕಾ?”

ಯೋಚಿಸಿದೆ. ಚಿಮಟ ಉಕ್ಕಿನದಾಗಿತ್ತು, ಓದುವವರಿಗೆ ಬೇಕಾದದ್ದು ಅಷ್ಟೇ. ಆ ಪದವನ್ನು ತೆಗೆದು ವರದಿ ಕಳಿಸಿದೆ.