ಗಂಗುಬಾಯಿಗೆ ಸಿಕ್ಕ ಮರ್ಯಾದೆ

ದಿಂಬಿನ ಕೆಳಗೆ ಮೊಬೈಲು ಗುಂಯ್‌ಗುಟ್ಟಿತು. ನಡುರಾತ್ರಿ ಕರೆ ಬಂದರೆ ಅದು ಕೆಟ್ಟ ಸುದ್ದಿಯೇ ಎಂಬುದು ನನ್ನ ಲೆಕ್ಕ. ಮಲಗಿದವರಿಗೆ ಎಚ್ಚರವಾಗದಂತೆ ಅಂಗಳಕ್ಕೆ ಹೋಗಿ ಎತ್ತಿಕೊಂಡೆ. ಪಕ್ಕದ ಮನೆಯ ಗಂಗುಬಾಯಿಯ ಮಗ ಸತೀಶಕುಮಾರ, ಹುಮನಾಬಾದಿನ ಆಸ್ಪತ್ರೆಯಿಂದ. ಪಿತ್ತಕೋಶದ ಹರಳಿನ ಆಪರೇಷನ್ ಚೆನ್ನಾಗಿಯೇ ಆಗಿದೆ, ಉಣ್ಣಬಹುದು ಎಂದು ಡಾಕ್ಟರು ಹೇಳಿದ್ದಾರೆ, ಆದರೆ ಅವ್ವ ಸಂಜೆಯಿಂದ ಒಂದು ತುತ್ತೂ ಮುಟ್ಟುತ್ತಿಲ್ಲ, ತಾನು ಸಾಯುತ್ತೇನೆಂದು ಹಟ ಹಿಡಿದಿದ್ದಾಳೆ ಎಂದ. ಹಾಗೆಂದು ಹೇಳಿದವರು ಯಾರು ಎಂದು ಕೇಳಿದೆ.

"ನಿಮ್ಮತ್ತಿನೇ ಹೇಳ್ಯಾರಂತ್ರಿ ವೈನಿ."

ನಮ್ಮತ್ತೆ ಮೀರಾಬಾಯಿ ಅಂಥದ್ದೇನೂ ಹೇಳಿರಲಿಲ್ಲ. ಮಧ್ಯಾಹ್ನ ನೋಡಲು ಹೋದಾಗ ನಾನೂ ಜೊತೆಗಿದ್ದೆ. ಅತ್ತೆ ಮಂಚದ ಪಕ್ಕ ಸೆರಗು ಹೊದ್ದು ನಿಂತು, "ಆರಾಮ ಅದೀರೇನ್ರಿ ಗಂಗುಬಾಯಿಯವರೇ? ಕಾಳಜಿ ತಗೋರಿ," ಎಂದಿದ್ದರು. ಅಷ್ಟೇ. ಗಂಗುಬಾಯಿಯ ಮುಖ ಬಿಳಿಚಿಕೊಂಡದ್ದನ್ನು ನಾನು ಗಮನಿಸಿದ್ದೆ, ಔಷಧದ ಮಂಪರು ಎಂದುಕೊಂಡಿದ್ದೆ.

ಬಸವಕಲ್ಯಾಣದ ನಮ್ಮ ಓಣಿಯಲ್ಲಿ, ನಾನು ಸೊಸೆಯಾಗಿ ಬರುವ ಎಷ್ಟೋ ಮೊದಲಿನಿಂದ, ಇವರಿಬ್ಬರೂ ಗೋಡೆಯ ಆಚೆ ಈಚೆ ನಿಂತು ಬೈದಾಡಿಯೇ ಬೆಳಗು ಶುರು ಮಾಡುತ್ತಿದ್ದವರು. "ಏ ಖೋಡಿ ರಂಡೀ, ಇನ್ನಾ ಸತ್ತಿಲ್ಲೇನ?" ಎಂದು ಇವರು. "ನಿನ್ನ ಮಣ್ಣ ಮಾಡಿ ಆಮ್ಯಾಲ ಸಾಯ್ತೀನಿ" ಎಂದು ಅವರು. ಆಮೇಲೆ ಬಿಸಿ ರೊಟ್ಟಿಯೋ ಪುಂಡಿಪಲ್ಯವೋ ಗೋಡೆ ದಾಟುತ್ತಿತ್ತು.

ಅದನ್ನು ನಿಲ್ಲಿಸಿದವಳು ನಾನು. ಶಾಲೆ ಶುರುವಾದ ಹೊಸದರಲ್ಲಿ ಮಗಳು ದೀಪಾಲಿ, ಪೆನ್ಸಿಲ್ ಕೊಡದ ಗೆಳತಿಯನ್ನು ಅಜ್ಜಿಯ ಧಾಟಿಯಲ್ಲೇ ಹರಸಿದಳು. ನನ್ನನ್ನು ಕರೆಸಿದರು. ಪ್ರಿನ್ಸಿಪಾಲರು ಆ ಮಾತನ್ನು ಬಾಯಿಂದ ಹೇಳಲಾಗದೆ ಚೀಟಿಯಲ್ಲಿ ಬರೆದು ನನ್ನ ಮುಂದೆ ಸರಿಸಿದರು. ಅಂದು ಸಂಜೆಯೇ ದೀಪಾಲಿಯ ತಲೆಯ ಮೇಲೆ ಅತ್ತೆಯ ಕೈಯಿಡಿಸಿ, ಇನ್ನು ಯಾರನ್ನೂ ಬೈಯುವುದಿಲ್ಲವೆಂದು ಆಣೆ ಮಾಡಿಸಿದೆ. ಡಿಗ್ರಿ ಓದಿದ ನನಗೆ ಆಣೆ ಪ್ರಮಾಣದಲ್ಲಿ ನಂಬಿಕೆಯಿಲ್ಲ. ಅತ್ತೆಗೆ ಇದೆ ಎಂಬುದು ಗೊತ್ತಿತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ಕೆಟ್ಟ ಮಾತಿಲ್ಲ. ದೀಪಾಲಿ ಕೈಯಿಂದ ಏನಾದರೂ ಬಿದ್ದರೆ "ಶಿಟ್" ಅನ್ನುತ್ತಾಳೆ, ಆದರೆ ಅದು ಇಂಗ್ಲಿಷು. ಉಚ್ಚಾರ ಚೆನ್ನಾಗಿದೆ ಎಂದು ಅವಳ ಅಪ್ಪನಿಗೆ ಖುಷಿ. ಅತ್ತೆ ಅದರ ಅರ್ಥ ಕೇಳಿದಾಗ, ಅಯ್ಯೋ ಅಂದ ಹಾಗೆ ಎಂದು ಹೇಳಿದ್ದೇನೆ.

ಆಣೆಯಾಗುವ ಮೊದಲೇ ಗಂಗುಬಾಯಿ ಹೊಟ್ಟೆನೋವೆಂದು ಹುಮನಾಬಾದಿಗೆ, ಮಗನ ಮನೆಗೆ ಹೋಗಿದ್ದರು. ಹೊಸ ಮೀರಾಬಾಯಿಯನ್ನು ಅವರು ಕಂಡದ್ದು ಈ ಆಸ್ಪತ್ರೆಯಲ್ಲೇ ಮೊದಲು.

ಬೆಳಿಗ್ಗೆ ಮೊದಲ ಬಸ್ಸಿಗೆ ಅತ್ತೆಯನ್ನು ಕರೆದುಕೊಂಡು ಹೊರಟೆ. ಒಂದೇ ಒಂದು ಸಲ, ಮೊದಲಿನ ಹಾಗೆ ಬೈದುಬಿಡಿ ಎಂದು ದಾರಿಯಲ್ಲಿ ದನಿ ತಗ್ಗಿಸಿ ಕೇಳಿಕೊಂಡೆ.

"ಕೂಸಿನ ತಲಿ ಮ್ಯಾಗ ಕೈ ಇಡಿಸಿದಾಕಿ ನೀನೇ. ಈಗ ಬೈ ಅನ್ನಾಕತ್ತಾಕಿನೂ ನೀನೇ," ಎಂದರು ಅತ್ತೆ. "ಕೂಸಿಗೇನರ ಆದ್ರ?"

ಆಣೆಯಲ್ಲಿ ನಂಬಿಕೆಯಿಲ್ಲದ ನಾನು ಮತ್ತೆ ಒತ್ತಾಯಿಸಲಿಲ್ಲ.

ವಾರ್ಡಿನಲ್ಲಿ ಗಂಗುಬಾಯಿ ಚಾವಣಿ ನೋಡುತ್ತ ಮಲಗಿದ್ದರು. ಶಾಲೆಯ ಸಂಗತಿ, ಆಣೆಯ ಸಂಗತಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. ಆ ತಾಳ್ಮೆಗೇ ನನಗೆ ಹೆದರಿಕೆಯಾಯಿತು.

"ಸಾಯೋರಿಗಿ ಎಲ್ಲಾರೂ ಒಂದೊಂದು ಕಥಿ ಹೇಳ್ತಾರವ್ವ. ಮೀರಾ ನನಗ 'ರಿ' ಹಚ್ಚಿ, ಮರ್ಯಾದಿ ಕೊಟ್ಟು ಮಾತಾಡ್ಯಾಳ. ಡಾಕ್ಟರ ಆಕಿಗಿ ಖರೇ ಹೇಳ್ಯಾನ, ನನಗ ಹೇಳಿಲ್ಲ."

"ಹಂಗೇನಿಲ್ರಿ," ಎಂದು ಅತ್ತೆ ಸಮಾಧಾನ ಹೇಳಿದರು. ಗಂಗುಬಾಯಿ ಕಣ್ಣು ಮುಚ್ಚಿಕೊಂಡು, ತನ್ನ ಮೂಗುತಿಯನ್ನು ದೀಪಾಲಿಗೆ ಕೊಡಬೇಕೆಂದು ಮಗನಿಗೆ ಹೇಳಿದರು. ಅತ್ತೆ ಕಣ್ಣೊರೆಸಿಕೊಳ್ಳುತ್ತ ಚಹಾ ತರುವ ನೆಪದಲ್ಲಿ ಹೊರಗೆ ಹೋದರು. ಸತೀಶಕುಮಾರ ಔಷಧಿ ತರಲು ಹೋದ.

ನಾನು ಗಂಜಿಯ ಬಟ್ಟಲು ಹಿಡಿದು ಕುಳಿತೆ. ಬಲ್ಲ ಒಳ್ಳೆಯ ಮಾತುಗಳನ್ನೆಲ್ಲ ಆಡಿದೆ. ದಯವಿಟ್ಟು ಎಂದೆ. ಒಂದೇ ಚಮಚ ಎಂದೆ. ನಿಮ್ಮಂಥ ಹಿರಿಯರು ಹೀಗೆ ಮಾಡಿದರೆ ಹೇಗೆ ಎಂದೆ. ಒಂದೊಂದು ಮಾತಿಗೂ ಅವರ ಮುಖ ಇನ್ನಷ್ಟು ಇಳಿಯಿತು. ಕೊನೆಗೆ ಕೈ ಬೀಸಿ ಬಟ್ಟಲನ್ನು ತಳ್ಳಿದರು. ಅರ್ಧ ಗಂಜಿ ಬಿಸಿಬಿಸಿಯಾಗಿ ನನ್ನ ಮಡಿಲಿಗೆ ಬಿತ್ತು.

"ಉಣ್ಣ ರಂಡೀ," ಎಂದೆ. "ಖೋಡಿ ಮುದುಕಿ, ಎಲ್ಲಾರ ಜೀವಾ ತಿನ್ನಾಕತ್ತಿ. ಸಾಯೋದಿದ್ರ ಉಂಡು ಸಾಯಿ."

ಬಾಯಿಂದ ಇನ್ನೂ ಕೆಲವು ಬೈಗುಳ ಬಂದವು. ಅವು ಚೀಟಿಯಲ್ಲೂ ಬರೆಯುವಂಥವಲ್ಲ. ಪಕ್ಕದ ಮಂಚದ ಹೆಂಗಸು ನರ್ಸನ್ನು ಕೂಗಬೇಕೋ ಬೇಡವೋ ಎಂದು ನನ್ನನ್ನೇ ನೋಡುತ್ತಿದ್ದಳು.

ಗಂಗುಬಾಯಿಯೂ ನೋಡಿದರು. ಆಮೇಲೆ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ಎದ್ದು ಕುಳಿತರು.

"ಸಾಯೋರಿಗಿ ಯಾರೂ ಹಿಂಗ ಬೈಯಂಗಿಲ್ಲ," ಎಂದರು, ತಮಗೇ ಹೇಳಿಕೊಳ್ಳುವಂತೆ. "ತಾ ಇಲ್ಲಿ. ಉಪ್ಪ ಹಾಕ್ಯಾರೋ ಇಲ್ಲೋ ಇದಕ್ಕ?"

ಅತ್ತೆ ಚಹಾ ತರುವಷ್ಟರಲ್ಲಿ ಅವರು ಬಟ್ಟಲಿನ ತಳ ಕೆರೆಯುತ್ತಿದ್ದರು, ಬಾಯಿ ತುಂಬ ಗಂಜಿ, ಮಾತಿಗೆ ಬಿಡುವಿರಲಿಲ್ಲ. ಅತ್ತೆ ನನ್ನ ಕಡೆ ನೋಡಿದರು.

ವಾಪಸು ಬರುವಾಗ, ಬಸ್ಸು ರಾಜೇಶ್ವರ ದಾಟಿದ ಮೇಲೆ, ಅತ್ತೆ ನನ್ನ ಕೈ ಹಿಡಿದುಕೊಂಡರು. "ನಾ ಜಲ್ಮೆಲ್ಲಾ ಬೈಕೋತ ಬಂದೆ. ನೀ ನಯವಾಗಿ ಎರಡ ಮಾತಾಡಿ ಉಣಿಸಿಬಿಟ್ಟಿ. ಕಲಿತವರ ಬಾಯಾಗ ಏನೋ ಅದ ನೋಡ. ಇನ್ನ ಆಣಿ ಇಲ್ಲಂದ್ರೂ ನಾ ಯಾರಿಗೂ ಬೈಯಂಗಿಲ್ಲ."

ಆಗಲೇ ನಿಜ ಹೇಳಬಹುದಿತ್ತು. ಹೇಳಿದ್ದರೆ ಆಣೆಯನ್ನೂ ನಾನೇ ಬಿಡಿಸಬೇಕಾಗುತ್ತಿತ್ತು, ಗೋಡೆಯ ಬಳಿಯ ಬೈಗುಳದ, ರೊಟ್ಟಿಯ ಬೆಳಗುಗಳು ಮತ್ತೆ ಶುರುವಾಗಿ ಇಬ್ಬರಿಗೂ ಜೀವ ಬರುತ್ತಿತ್ತು. ಆದರೆ ಅತ್ತೆಗೆ ತಿಳಿದರೆ ದೀಪಾಲಿಗೆ ತಿಳಿಯುತ್ತದೆ, ದೀಪಾಲಿಗೆ ತಿಳಿದರೆ ಶಾಲೆಗೆ. ಗಂಗುಬಾಯಿ ಊರಿಗೆ ಬಂದಮೇಲೆ ಹೇಳಿಯೇ ಹೇಳುತ್ತಾರೆ. ಹೇಳಲಿ, ಯಾರೂ ನಂಬುವುದಿಲ್ಲ, ಓಣಿಯಲ್ಲಿ ನನ್ನ ಹೆಸರು ಅಷ್ಟು ಚೆನ್ನಾಗಿದೆ. ಗಂಜಿ ಒಣಗಿ ಬಿರುಸಾದ ಸೀರೆಯ ನೆರಿಗೆಯನ್ನು ಕಾಣದಂತೆ ಒಳಕ್ಕೆ ಮಡಚಿಕೊಂಡೆ. ಯಾರಿಗೂ ಹೇಳುವುದು ಬೇಡ ಎಂದು ನಿರ್ಧರಿಸಿದೆ.