ಹೆಸರು ಬರೆಯುವ ಜಾಗ

ಮೇಲೆ ಅದು ಗುಂಯ್ ಅನ್ನುತ್ತಲೇ ಇದೆ, ಛತ್ತಿನ ಆಚೆ, ಬೀಗ ಹಾಕಿದ ಕೋಣೆಯಲ್ಲಿ, ನಮ್ಮವರ ಕಂಪ್ಯೂಟರು, ಇಷ್ಟು ದಿನ ಆ ಸದ್ದು ನನಗೆ ಕೇಳಿಸಿದ್ದೇ ಇಲ್ಲ, ಇವತ್ತು ಮನೆಯಲ್ಲಿ ಬೇರೆ ಯಾರೂ ಇಲ್ಲ ಅದಕ್ಕೆ — ಕಿಟಕಿಯ ಬಿಸಿಲು ಕೀಬೋರ್ಡಿನ ಅರ್ಧಕ್ಕೆ ಬಂದಿದೆ, ಇನ್ನು ಸ್ವಲ್ಪ ಹೊತ್ತಿಗೆ ದಿನ ಮುಳುಗುತ್ತದೆ, ನನ್ನ ಪರದೆಯ ಮೇಲೆ ಅದೇ ಪೆಟ್ಟಿಗೆ, ಮೇಲೆ ಹೆಸರು ಬರೆಯುವ ಜಾಗ, ಕೆಳಗೆ ಪಾಸ್‌ವರ್ಡಿನ ಜಾಗ, ಅದರ ಕೆಳಗೆ ಒಂದು ಪುಟ್ಟ ಚೌಕ, ಖಾಲಿ, ಪಕ್ಕದಲ್ಲಿ ಇಂಗ್ಲಿಷಿನಲ್ಲಿ, ಇದನ್ನು ನೆನಪಿಟ್ಟುಕೋ ಎಂದು. ಆಯಿ, ಸಿಕ್ತೇನು, ಮಗ ಸುಹಾಸ ಮಿರಜದ ದವಾಖಾನೆಯಿಂದ ಎರಡು ಸಲ ಫೋನು ಮಾಡಿದ, ಐದು ವರ್ಷದ ಹಿಂದ ಅಪ್ಪಾಗ ಯಾವ ಇಂಜೆಕ್ಷನ್ ಆಗಿಬಂದಿದ್ದಿಲ್ಲ, ಡಾಕ್ಟರ್ ಅದರ ಹೆಸರು ಕೇಳಾಕತ್ತಾರ, ಅದು ಗೊತ್ತಾಗೂತನಕ ಸೂಜಿ ಹಚ್ಚಾಕ ಅಂಜಾಕತ್ತಾರ. ಹೆಸರು. ನನಗೆ ನೆನಪಿರುವುದು ಇವರ ಮುಖ ಬಾತದ್ದು, ತುಟಿ ನೀಲಿಯಾದದ್ದು, ಒಬ್ಬ ನರ್ಸಮ್ಮ ಓಡಾಟದ ನಡುವೆಯೂ ನನ್ನ ಹೆಗಲು ಹಿಡಿದು ಸ್ಟೂಲಿನ ಮೇಲೆ ಕೂರಿಸಿದ್ದು, ಅವಳ ಬೆರಳಿನ ಮೆಹಂದಿ ಅರ್ಧ ಅಳಿಸಿತ್ತು, ಅದು ನೆನಪಿದೆ, ಬೇಕಾದದ್ದು ಇಲ್ಲ. ಆಗ ದವಾಖಾನೆಯಲ್ಲಿ ಬರೆದುಕೊಟ್ಟ ಚೀಟಿ ಮೇಲಿನ ಕೋಣೆಯಲ್ಲಿದೆ, ಅದರ ಫೋಟೋ ಮೇಲಿನ ಕಂಪ್ಯೂಟರಿನಲ್ಲಿದೆ, ಕೋಣೆಯ ಕೀಲಿ ಇವರ ಅಂಗಿಯ ಕಿಸೆಯಲ್ಲಿದೆ, ಅಂಗಿ ಇವರ ಮೈಮೇಲಿದೆ — ಮಧ್ಯಾಹ್ನ ಮಾತೂ ಆಡಲಾರದ ಇವರನ್ನು ಸುಹಾಸ, ಸೊಸೆ ತ್ರಿಶಲಾ ಇಬ್ಬರೂ ಸೇರಿ ಕಾರಿಗೆ ಹತ್ತಿಸುವಾಗ ಯಾರಿಗೆ ತಾನೇ ಕಿಸೆ ನೋಡುವ ಎಚ್ಚರವಿತ್ತು, ಕಾಗವಾಡದ ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳಂತೆ, ಮಿರಜ ಮುಟ್ಟಿದ್ದೇ ದೊಡ್ಡದು.

ಕೊಗನೊಳ್ಳಿ, ಆಮೇಲೆ ಮದುವೆಯ ವರ್ಷ, ಪಾಸ್‌ವರ್ಡ್ ಸರಿಯಾಗಿಯೇ ಇದೆ, ತವರೂರು ಮರೀತಿಯೇನು, ಅದಕ್ಕ ನಿನ್ನ ಊರ ಇಟ್ಟೇನಿ ಅಂದಿದ್ದರು. ಮೇಲೆ ನನ್ನ ಹೆಸರು, ಕುಸುಮ. ಒತ್ತಿದೆ. ತಪ್ಪು ಎಂದಿತು. ಮತ್ತೆ ನಿಧಾನ ಒಂದೊಂದೇ ಅಕ್ಷರ, ಮತ್ತೆ ತಪ್ಪು. ಇನ್ನೊಂದು ಸಲ ತಪ್ಪಿದರೆ ಬಾಗಿಲು ಮುಚ್ಚಿಕೊಳ್ಳುತ್ತದೋ ಏನೋ, ಯಾರನ್ನು ಕೇಳಲಿ. ಹೋದ ಮಂಗಳವಾರದ ತನಕ ಇದು ಏನನ್ನೂ ಕೇಳುತ್ತಿರಲಿಲ್ಲ. ನನ್ನ ಮೊಣಕಾಲಿನ ಆಪರೇಷನ್ ಆದಮೇಲೆ ಮೆಟ್ಟಿಲು ಹತ್ತಬಾರದು ಎಂದಾಗ ಇವರೇ ಎರಡು ದಿನ ಕೂತು, ಮೇಲಿನದನ್ನೂ ಕೆಳಗಿನದನ್ನೂ ಜೋಡಿಸಿ, ನೋಡು, ಮ್ಯಾಲ ನಾ ಇಟ್ಟದ್ದು ಇಲ್ಲಿ ನಿನಗ ಕಾಣತೈತಿ, ಒಂದ ಮೆಟ್ಟಲಾ ಹತ್ತೂದು ಬ್ಯಾಡ, ಅಂದಿದ್ದರು. ನಾನೇ ಕೆಡಿಸಿದೆ. ಪೇಪರಿನಲ್ಲಿ ಓದಿದೆ, ಕಂಪ್ಯೂಟರಿನಲ್ಲಿ ಪಾಸ್‌ವರ್ಡು ಉಳಿಸಿಟ್ಟರೆ ಕಳ್ಳರ ಪಾಲು ಎಂದು, ಉಳಿಸಿಟ್ಟವುಗಳ ಪಟ್ಟಿ ಹುಡುಕಿ ತೆಗೆದು ಅಳಿಸಿಬಿಟ್ಟೆ, ಬಿ.ಎ. ಕಲಿತ ಜಾಣತನ, ಇವರಿಗೆ ಹೇಳಲೂ ಇಲ್ಲ.

ಅಕ್ಕಾರ, ದಿನಾ ಮುಳಗೂದ್ರಾಗ ಎರಡು ತುತ್ತು ತಿನ್ರಿ, ಆಮ್ಯಾಲ ನೀವು ನೇಮದವರು, ನೀರೂ ಮುಟ್ಟೂದಿಲ್ಲ, ಪಕ್ಕದ ಮನೆಯ ಅಕ್ಕುತಾಯಿ, ಕೈಯಲ್ಲಿ ತಾಟು, ರೊಟ್ಟಿ ತುಂಡು ಮಾಡಿಯೇ ತಂದಿದ್ದಾಳೆ, ನನಗೆ ಮುರಿಯುವಷ್ಟು ಕೈ ಆಡದು ಎಂದು ಅವಳಿಗೆ ಹೇಗೆ ಗೊತ್ತಾಯಿತು. ನಮ್ಮ ಹುಡುಗ ಭೂಪಾಲಗ ಫೋನ್ ಮಾಡೇನ್ರಿ, ದ್ರಾಕ್ಷಿ ತ್ವಾಟದಾಗ ಅದಾನ, ಅರ್ಧಾ ತಾಸಿನ್ಯಾಗ ಬಂದು ಬೀಗಾ ಒಡೀತಾನ. ಅರ್ಧ ತಾಸು. ಅಲ್ಲಿ ಅರ್ಧ ತಾಸು ಎಂದರೆ ಎಷ್ಟು. ತಾಟು ಕೀಬೋರ್ಡಿನ ಪಕ್ಕಕ್ಕಿಟ್ಟೆ — ಎರಡನ್ನೂ ಜೋಡಿಸಿದ ದಿನ ಈ ಕುರ್ಚಿಯ ಹಿಂದೆ ನಿಂತು ಇವರು ನಕ್ಕದ್ದು, ಲೇ ಕುಸುಮಾ, ಅಲ್ಲಿ ನಿನ್ನ ಹೆಸರಲ್ಲ, ಮ್ಯಾಲಿನ ಕಂಪ್ಯೂಟರ್ ನಂದು, ನನ್ನ ಹೆಸರು ಬರೀಬೇಕು, ಬರಿ. ನಾ ಹೆಂಗ ಬರೀಲ್ರಿ. ಆತು ಬಿಡವಾ ಮಾರಾಯ್ತಿ, ನಾನ ಬರೀತೇನಿ, ಇಲ್ಲಿ ಗುರ್ತು ಹಾಕತೇನಿ, ಇನ್ನ ಮ್ಯಾಲ ನಿನಗ ಕೇಳೂದ ಇಲ್ಲ. ಆ ಪುಟ್ಟ ಚೌಕದಲ್ಲಿ ಟಿಕ್. ಅದಕ್ಕೆ ಹಾಕಿದ್ದರು. ಅದನ್ನು ಅಳಿಸಿದೆ ನಾನು.

ಇವರ ಹೆಸರು. ಐವತ್ತು ವರ್ಷದಲ್ಲಿ ಬಾಯಲ್ಲಿ ಬಂದಿಲ್ಲ, ಪೆನ್ನಿನಲ್ಲಿಯೂ ಬಂದಿಲ್ಲ, ಯಾವ ಫಾರ್ಮಿನಲ್ಲೂ ಆ ಸಾಲು ಸುಹಾಸನೇ ತುಂಬಿದ್ದು, ಮತಗಟ್ಟೆಯಲ್ಲಿ ಪಟ್ಟಿಯ ಮೇಲೆ ಬೆರಳಿಟ್ಟು ತೋರಿಸಿದ್ದು. ಮದುವೆಯ ದಿನ ಇದೇ ಐನಾಪುರದ ಹೊಸ್ತಿಲಲ್ಲಿ ಹೆಂಗಸರು ಅಡ್ಡ ನಿಂತು, ಒಡಪ ಹಾಕಿ ಗಂಡನ ಹೆಸರು ಹೇಳು, ಇಲ್ಲಾಂದ್ರ ಒಳಗ ಬಿಡೂದಿಲ್ಲ ಅಂದರು, ನಾನು ಪ್ರಾಸ ಕಟ್ಟಿದ ಒಡಪು ಹೇಳಿದೆ, ಹೆಸರು ಬಂದಲ್ಲಿ ಧ್ವನಿ ನುಂಗಿದೆ, ಕಾಲೇಜ ಕಲತಾಕಿಗೆ ಗಂಡನ ಹೆಸರು ಬರೂದಿಲ್ಲ ನೋಡ್ರೇ ಎಂದು ನಕ್ಕರು. ನಮ್ಮ ಅಜ್ಜಿ ಹೇಳಿದ್ದಳು, ಒಮ್ಮಿ ಹೆಸರು ತಗೊಂಡ್ರ ಗಂಡನ ಆಯುಷ್ಯದಾಗ ಒಂದ ದಿನಾ ಕಮ್ಮಿ. ನಾನು ನಂಬಲಿಲ್ಲ, ನಿಪ್ಪಾಣಿಯ ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದವಳು, ನಂಬಲಿಲ್ಲ, ಆದರೂ ಒಂದು ದಿನವನ್ನೂ ಕಳೆಯಲಿಲ್ಲ, ಮತ್ತೆ ಇವತ್ತೇ ಕಳೆಯಲೇ, ಇವರ ಹತ್ತಿರ ಎಷ್ಟು ದಿನ ಇವೆಯೋ ಗೊತ್ತಿಲ್ಲದ ಇವತ್ತು — ಅಕ್ಕುತಾಯಿ ನನ್ನ ಮುಖ ನೋಡಿದಳು, ಪರದೆ ನೋಡಿದಳು, ಅವಳಿಗೆ ಇಂಗ್ಲಿಷು ಬಾರದು, ಆದರೂ ತಿಳಿಯಿತು, ನಾ ಒತ್ತಲೇನ್ರಿ ಅಕ್ಕಾರ, ನೀವು ಬರೇ ಅಕ್ಷರಾ ತೋರಸ್ರಿ, ಪಾಪ ನನಗ ಹತ್ತಲಿ. ಹೀಗೂ ಹೇಳುವವರು ಇದ್ದಾರೆ. ಬ್ಯಾಡವಾ, ನಿನಗ್ಯಾಕ. ಫೋನು, ಸುಹಾಸ, ಆಯಿ, ಲಗೂನ, ಬಿಪಿ ಇಳ್ಯಾಕತ್ತೈತಿ, ಅವನ ಧ್ವನಿ ಚಿಕ್ಕಂದಿನದಾಗಿದೆ.

ಬಿಸಿಲು ಕೀಬೋರ್ಡಿನಿಂದ ಸರಿದುಹೋಯಿತು. ಒಂದೊಂದು ಅಕ್ಷರಕ್ಕೂ ಣಮೋಕಾರ ಮಂತ್ರದ ಒಂದೊಂದು ಸಾಲು, ಅಕ್ಕುತಾಯಿ ಬೆನ್ನ ಮೇಲೆ ಕೈಯಿಟ್ಟಿದ್ದಾಳೆ, ರಾವಸಾಹೇಬ. ಬರೆದೆ. ಎಷ್ಟು ಪುಟ್ಟ ಹೆಸರು. ಕೊಗನೊಳ್ಳಿ, ವರ್ಷ, ಒತ್ತಿದೆ, ಪೆಟ್ಟಿಗೆ ಹೋಯಿತು, ಹಳದಿ ಫೋಲ್ಡರುಗಳು ಸಾಲಾಗಿ, ದವಾಖಾನೆ ಎಂಬುದು ಮೂರನೆಯದು, ಚೀಟಿ, ಕೆಂಪು ಗೆರೆ ಎಳೆದು ಇವರೇ ಗುರುತು ಮಾಡಿಟ್ಟಿದ್ದಾರೆ, ಬರಕೋ ಸುಹಾಸ, ಒಂದೊಂದೇ ಅಕ್ಷರ ಓದಿದೆ, ತಿರುಗಿ ಓದಿದೆ. ತಡಿ ಆಯಿ, ತಡಿ, ಫೋನು ಹಾಗೇ ಬಿಟ್ಟು ಓಡಿದ, ಚಪ್ಪಲಿಯ ಸದ್ದು, ಬಾಗಿಲು, ಯಾರೋ ಮರಾಠಿಯಲ್ಲಿ ಕೂಗುತ್ತಾರೆ, ರಾವಸಾಹೇಬಾಂಚೆ ಕೋಣ ಆಹೇತ, ಅವರ ಕಡೆಯವರು ಯಾರು, ನಾನು, ನಾನಿದ್ದೇನೆ, ಇಲ್ಲಿ ಐನಾಪುರದಲ್ಲಿ, ಮತ್ತೆ ಯಾವ ಸದ್ದೂ ಇಲ್ಲ, ಮೇಲೆ ಅದು ಗುಂಯ್ ಅನ್ನುತ್ತಲೇ ಇದೆ, ಕಿವಿಗೆ ಹಿಡಿದ ಫೋನು ಬಿಸಿಯಾಗಿದೆ — ಟಿಕ್ ಹಾಕಲು ಮರೆತೆ, ಅವಸರದಲ್ಲಿ ಆ ಚೌಕ ಖಾಲಿಯೇ ಉಳಿಯಿತು, ನಾಳೆ ಇದನ್ನು ಹಚ್ಚಿದರೆ ಮತ್ತೆ ಕೇಳುತ್ತದೆ, ಕೇಳಲಿ, ಬರೆಯುತ್ತೇನೆ, ನಾಡಿದ್ದೂ ಕೇಳಲಿ, ಸುಹಾಸ, ಲೈನಿನ್ಯಾಗ ಅದಿಯೇನೋ, ಸುಹಾಸ — ಆ ಚೌಕ, ಪುಟ್ಟದು, ಖಾಲಿ