ಮೊದಲ ಚಹಾದ ಮಾತ್ರೆ

ಮತ್ತೆ ಆ ಅಂಗೈ, ಅಡಿಗೆಮನೆಯ ಬಾಗಿಲಲ್ಲಿ, ನಾನು ಒಗ್ಗರಣೆ ಹಾಕುತ್ತಿದ್ದೇನೆ, ಸಾಸಿವೆ ಸಿಡಿಯುತ್ತಿದೆ, ವನಮಾಲಾ, ಒಂದು ನೋವಿನ ಮಾತ್ರೆ ಕೊಡು ಮಾರಾಯ್ತಿ, ಮಂಡಿ ತುಂಡಾಗ್ತಾ ಉಂಟು, ಅನೀಶನಿಗೆ ಹೇಳ್ಬೇಡ — ಮಗನಿಗೆ ಹೆದರುತ್ತಾರೆ ಭಾವ, ಈಗ, ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಕೂತ ಮೇಲೆ, ಕಲ್ಯಾಣದ ಹೋಟೆಲಿನಲ್ಲಿ ಯಾರಿಗೆ ಹೆದರಿದ್ದರು, ಗಲ್ಲಾದ ಪಕ್ಕ ಆ ಡಬ್ಬಿ, ಬೆಳಗಿನ ಮೊದಲ ಚಹಾದ ಜೊತೆ ಕೆಲಸದವರಿಗೆಲ್ಲ ಒಂದೊಂದು ಮಾತ್ರೆ, ತೀರ್ಥ ಕೊಟ್ಟಂತೆ, ನುಂಗುವವರೆಗೆ ನೋಡುತ್ತಾ ನಿಲ್ಲುವುದು, ಸೊಂಟ ಹಿಡಿಯಿತೆಂದು ಯಾರೂ ಕೂರಬಾರದಲ್ಲ, ಸ್ವಂತ ತಮ್ಮನಾದರೇನು, ಒಮ್ಮೆ ಎದೆ ಹಿಡಿದು ಬದುಕಿ ಬಂದವನಾದರೇನು, ನನ್ನ ಗಂಡ ದೋಸೆಕಲ್ಲಿನ ಮುಂದೆ ನಿಲ್ಲಲೇಬೇಕು, ಬಿಳಿ ಮಾತ್ರೆ ಇಟ್ಟ ಅದೇ ಅಂಗೈ, ದಿನಾ. ನಾನೇ ಹೋಗಿ ಹೇಳಿದ್ದೆ, ಡಾಕ್ಟ್ರು ಬೇಡ ಅಂದಿದ್ದಾರೆ ಭಾವ, ಇದನ್ನ ತಿಂದ್ರೆ ಇವರ ಹಾರ್ಟಿನ ಆಸ್ಪಿರಿನ್ ಕೆಲಸ ಮಾಡೋದಿಲ್ವಂತೆ — ಠಾಣೆಯ ಡಾಕ್ಟರು ಎಷ್ಟು ಬಿಡಿಸಿ ಹೇಳಿದ್ದರು, ಮುಂಬೈಯ ಲೋಕಲ್ ಟ್ರೇನಿನಲ್ಲಿ ಕಲ್ಯಾಣದಲ್ಲೇ ಒಬ್ಬ ಸೀಟು ಹಿಡಿದು ಕೂತರೆ ಡೊಂಬಿವಲಿಯಲ್ಲಿ ಹತ್ತಿದವನಿಗೆ ಜಾಗ ಎಲ್ಲಿ, ನೋವಿನ ಮಾತ್ರೆ ಮೊದಲೇ ಹೋಗಿ ಕೂತರೆ ಆಸ್ಪಿರಿನ್ ನಿಂತುಕೊಂಡೇ ಹೋಗಿ ಇಳಿದುಬಿಡುತ್ತದೆ, ರಕ್ತ ಹೆಪ್ಪುಗಟ್ಟುತ್ತದೆ. ಭಾವ ನಕ್ಕರು, ಡಾಕ್ಟ್ರು ಬಂದು ದೋಸೆ ಹುಯ್ತಾರಾ ಕೇಳು. ಗಿರಾಕಿಗಳೂ ನಕ್ಕರು. ೨೦೦೮ರ ದಸರೆಯಲ್ಲಿ ಇವರು ಕಲ್ಲಿನ ಮುಂದೆಯೇ ಕುಸಿದರು, ದೋಸೆ ಕರಟಿ ಹೊಗೆ, ಆಯುಸ್ಸು ಅಷ್ಟೇ ಇತ್ತು ಅಂದರು ಭಾವ, ಸೂತಕ ಕಳೆದು ಹೋಟೆಲು ಮತ್ತೆ ತೆರೆದ ದಿನವೇ ಡಬ್ಬಿಯನ್ನೂ ತೆರೆದರು.

ಈಗ ಮನೆಯ ಮಾತ್ರೆಗಳೆಲ್ಲ ನನ್ನ ಕಪಾಟಿನಲ್ಲಿ, ಕಾಕೀ, ಪಪ್ಪಾ ಮಾಂಗೇ ತೋ ಭೀ ಮತ್ ದೇನಾ, ಪಪ್ಪ ಕೇಳಿದರೂ ಕೊಡಬೇಡ ಎಂದು ಅನೀಶ ಬೀಗದ ಕೈ ನನಗೇ ಕೊಟ್ಟಿದ್ದಾನೆ, ಪಾಪ, ಯಾರ ಕೈಗೆ ಕೊಟ್ಟೆ ಮಗಾ — ಕೊಡಲೇ, ಒಂದಲ್ಲ, ದಿನಾ ಬೆಳಿಗ್ಗೆ, ನುಂಗುವವರೆಗೆ ನೋಡುತ್ತಾ ನಿಲ್ಲಲೇ, ಯಾರು ಕೇಳುತ್ತಾರೆ, ಒಂದು ದಿನ ಹೋಗಿಬಿಡುತ್ತಾರೆ, ಥಟ್ಟನೆ, ಮಂಡಿ ನೋಯದೆ, ಸುಖವಾಗಿ — ಅಷ್ಟು ಸುಲಭವಾಗಿಯೇ, ಇಲ್ಲ, ನನಗೆ ಅದು ಸಾಲದು, ಬದುಕಿ ಭಾವ, ಆಸ್ಪಿರಿನ್ ಒಂದು ದಿನವೂ ತಪ್ಪಿಸದೆ ನಾನೇ ಕೊಡುತ್ತೇನೆ, ನೂರು ವರ್ಷ ಬದುಕಿ, ಡೊಂಬಿವಲಿಯ ಈ ಲಿಫ್ಟಿಲ್ಲದ ಬಿಲ್ಡಿಂಗನ್ನು ಹತ್ತಿ ಇಳಿಯಿರಿ, ಒಂದೊಂದು ಮೆಟ್ಟಿಲಿಗೂ ನರಳಿ, ನಾನು ಕೇಳಿಸಿಕೊಳ್ಳುತ್ತಾ ಅಡಿಗೆ ಮಾಡುತ್ತೇನೆ, ನಿದ್ದೆಯೂ ಚೆನ್ನಾಗಿ ಬರುತ್ತದೆ ನನಗೆ. ಮಾತ್ರೆ ಇಲ್ಲ ಭಾವ. ಒಂದೇ ಒಂದು, ಕೈ ಮುಗೀತೇನೆ ಮಾರಾಯ್ತಿ — ಮುಗಿಯಲಿಲ್ಲ, ಚಾಚಿಯೇ ಇದ್ದಾರೆ, ಗೆರೆಗಳಲ್ಲಿ ಬೆವರು, ಒಗ್ಗರಣೆ ಸೀದುಹೋಯಿತು, ಹೋಗಲಿ, ಆ ಅಂಗೈ, ಖಾಲಿ, ಇನ್ನೂ ಅಲ್ಲೇ, ಖಾಲಿ ಅಂಗೈ